ದಿನಸಿ ಕಿಟ್‌ನಲ್ಲಿ ಇನ್ನು ಅಕ್ಕಿ ಇರುವುದಿಲ್ಲ: ಗ್ರಾಹಕರಿಗೊಂದು ಪತ್ರ

ತೀರ್ಥಹಳ್ಳಿ ತಾಲ್ಲೂಕು
ಏಪ್ರಿಲ್ 2020

ಮಾನ್ಯ ಗ್ರಾಹಕರೇ, ಸದಸ್ಯರೇ,

ಲಾಕ್‌ಡೌನ್ ಮೇ 3ರವರೆಗೆ ಮುಂದುವರಿದಿದೆ. ಕೂಲಿ ನಿಂತುಹೋದ ಮನೆಗಳಿಗೆಂದು ನೀವು ಹಣ ಕಟ್ಟಿ ನಮ್ಮ ಸಹಕಾರಿ ಮಳಿಗೆಯಿಂದ ಕಳಿಸುತ್ತಿರುವ ದಿನಸಿ ಕಿಟ್ ಬರುವ ಸೋಮವಾರದಿಂದ ಬದಲಾಗುತ್ತದೆ. ಪಡಿತರ ಚೀಟಿ ಇರುವ ಮನೆಗೆ ಹೋಗುವ ಕಿಟ್‌ನಲ್ಲಿ ಅಕ್ಕಿ ಇರುವುದಿಲ್ಲ. ದರ ಮಾತ್ರ ಹಿಂದಿನದೇ. ಅಕ್ಕಿ ಇಲ್ಲದ ಕಿಟ್ ಎಂಥ ಕಿಟ್ ಅಂತ ಕೇಳುವವರಿಗೆ ಲೆಕ್ಕ ಇಲ್ಲಿದೆ.

ಬಿಪಿಎಲ್ ಕಾರ್ಡಿನವರಿಗೆ ತಿಂಗಳಿಗೆ ತಲೆಗೆ 5 ಕೆಜಿ ಅಕ್ಕಿ. ಈ ಸಲ ಏಪ್ರಿಲ್, ಮೇ ಎರಡೂ ತಿಂಗಳದ್ದು ಒಟ್ಟಿಗೆ ಬಂದಿದೆ, ಅಂದರೆ ನಾಲ್ಕು ಜನರ ಮನೆಗೆ 40 ಕೆಜಿ. ಇದಲ್ಲದೆ ಕೇಂದ್ರದ ಯೋಜನೆಯಲ್ಲಿ ಜೂನ್‌ವರೆಗೆ ತಿಂಗಳಿಗೆ ತಲೆಗೆ ಇನ್ನೂ 5 ಕೆಜಿ ಉಚಿತ. ಬೇಳೆ ಮಾತ್ರ ಇಡೀ ಕಾರ್ಡಿಗೆ ತಿಂಗಳಿಗೆ 1 ಕೆಜಿ. ಎಣ್ಣೆ, ಉಪ್ಪು, ಹುಳಿ, ಖಾರ, ಸೋಪಿಗೆ ಕೈಯಲ್ಲಿ ಕಾಸು ಬೇಕು, ಅದೇ ಈಗ ಇಲ್ಲದಿರುವುದು. ಇಂಥ ಮನೆಗೆ ಮತ್ತೆ ಹತ್ತು ಕೆಜಿ ಅಕ್ಕಿ ಹೊರಿಸಿದರೆ ಅವರು ಒಂದಷ್ಟು ಅಕ್ಕಿಯನ್ನು ಸಿಕ್ಕ ಬೆಲೆಗೆ ಮಾರಿ ಎಣ್ಣೆ ತರಬೇಕು. ಪಡಿತರದ ಅಕ್ಕಿ ಮಾರಿದರೆ ಕೇಸು ಬೇರೆ.

ಹೊಸ ಕಿಟ್ ನಾಲ್ಕು ಜನರಿಗೆ ಹದಿನೈದು ದಿನದ್ದು: ತೊಗರಿಬೇಳೆ 2 ಕೆಜಿ, ಹುರುಳಿ 1 ಕೆಜಿ, ಎಣ್ಣೆ 1 ಲೀಟರ್, ಉಪ್ಪು 1 ಕೆಜಿ, ಅಚ್ಚುಬೆಲ್ಲ 1 ಕೆಜಿ, ಈರುಳ್ಳಿ 2 ಕೆಜಿ, ಮೆಣಸಿನಪುಡಿ, ಹುಣಸೆಹಣ್ಣು, ಚಹಾಪುಡಿ ತಲಾ ಕಾಲು ಕೆಜಿ, ಮೈಸೋಪು ಎರಡು, ಬಟ್ಟೆಸೋಪು ಎರಡು. ಬೇಳೆ, ಹುರುಳಿ ಸೇರಿದರೆ ಒಬ್ಬರಿಗೆ ದಿನಕ್ಕೆ 50 ಗ್ರಾಂ ಆಗುತ್ತದೆ. ಹುರುಳಿಯನ್ನು ರಾತ್ರಿಯೇ ನೆನೆಹಾಕಿದರೆ ಸೌದೆ ಉಳಿಯುತ್ತದೆ. ಕಾಡಿನ ಉಣುಗು (ಉಣ್ಣೆ) ಕಚ್ಚಿ ಹರಡುವ ಮಂಗನ ಕಾಯಿಲೆಯ ಭಯಕ್ಕೆ ಜನ ಕಾಡಿಗೆ ಸೌದೆಗೆ ಹೋಗಲು ಹಿಂಜರಿಯುವ ಕಾಲ ಇದು. ಜೋನಿಬೆಲ್ಲ ನಮ್ಮ ಸೀಮೆಯದೇ, ರುಚಿಯೂ ಹೆಚ್ಚು. ಆದರೆ ಡಬ್ಬಿ ಸೋರಿದರೆ ಚೀಲವೆಲ್ಲ ಅಂಟು, ಅದಕ್ಕೇ ಅಚ್ಚು.

ಹಳೆಯ ಕಿಟ್ 14 ಕೆಜಿ ತೂಗುತ್ತಿತ್ತು, ಹೊಸತು ಒಂಬತ್ತು ಚಿಲ್ಲರೆ. ಇದೇನು ಸಣ್ಣ ವಿಷಯವಲ್ಲ. ನಮ್ಮ ಕಡೆ ಒಂದು ಗುಡ್ಡಕ್ಕೆ ಒಂದು ಮನೆ. ಪಿಕಪ್ ಹೋಗುವುದು ರಸ್ತೆವರೆಗೆ, ಅಲ್ಲಿಂದಾಚೆ ತಲೆಹೊರೆ. ವಯಸ್ಸಾದವರೂ ಹೊತ್ತು ಹತ್ತಬಹುದಾದ ತೂಕ ಇರಬೇಕು.

ಕಿಟ್ ಕಟ್ಟಲು ಬರುವ ಸದಸ್ಯರ ಗಮನಕ್ಕೆ: ಎಣ್ಣೆ ಪ್ಯಾಕೆಟ್ ಕೊನೆಯಲ್ಲಿ, ಎಲ್ಲದರ ಮೇಲೆ. ಅಡಿಗೆ ಹೋದರೆ ಒಡೆಯುತ್ತದೆ. ಹುಣಸೆಗೆ ಎರಡು ಕವರ್, ಅದರ ಪಸೆ ತಾಗಿದರೆ ಮೆಣಸಿನಪುಡಿ ಗಂಟು ಕಟ್ಟುತ್ತದೆ. ಸೋಪು ಬೇರೆ ಪೊಟ್ಟಣದಲ್ಲಿ, ಇಲ್ಲದಿದ್ದರೆ ಚಹಾಪುಡಿ ಸೋಪಿನ ವಾಸನೆ ಹೊಡೆಯುತ್ತದೆ. ಈರುಳ್ಳಿಯನ್ನು ಪ್ಲಾಸ್ಟಿಕ್ಕಿಗೆ ಹಾಕಲೇಬೇಡಿ. ಈಗ ಸಂಜೆ ಮಳೆ ಶುರುವಾಗಿದೆ, ಗಾಳಿಯಾಡದೆ ಬೆವತು ಕೊಳೆಯುತ್ತದೆ. ಬಲೆಚೀಲದಲ್ಲಿ ತುಂಬಿ ಹೊರಗೆ ಕಟ್ಟಿ. ಕಾಡುದಾರಿಯಲ್ಲಿ ಹೊರುವವರು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡಿಎಂಪಿ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ದಣಿವಾದರೆ ದರಗಿನ (ಉದುರಿದ ಒಣ ಎಲೆಯ) ಮೇಲೆ ಚೀಲ ಇಳಿಸಿ ಕೂರಬೇಡಿ, ಉಣುಗು ಇರುವುದೇ ಅಲ್ಲಿ.

ಕಾರ್ಡ್ ಇಲ್ಲದವರಿಗೆ ಅಕ್ಕಿ ನಿಲ್ಲಿಸಿಲ್ಲ. ತೋಟದ, ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ಉಳಿದ ಹಾವೇರಿ, ಬಳ್ಳಾರಿ ಕಡೆಯವರಿಗೆ ಇದೇ ಕಿಟ್ ಜೊತೆ ಅಕ್ಕಿ 10 ಕೆಜಿ, ಜೋಳದ ಹಿಟ್ಟು 5 ಕೆಜಿ. ರೊಟ್ಟಿ ತಿನ್ನುವವರಿಗೆ ಬರೀ ಅಕ್ಕಿ ಕೊಟ್ಟು ಸುಮ್ಮನಾಗುವುದು ಸರಿಯಲ್ಲ. ಅವರ ಪೈಕಿ ಊರಿನ ಕಾರ್ಡ್ ಸಂಖ್ಯೆ ಗೊತ್ತಿರುವವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಕೇಳಬಹುದು. ಊರಲ್ಲಿರುವ ಮನೆಯವರು ಆಗಲೇ ತಂದಿದ್ದರೆ ಮಾತ್ರ ಸಿಗುವುದಿಲ್ಲ. ಹಾಗಾಗಿ ಮೊದಲು ಊರಿಗೆ ಫೋನ್ ಮಾಡಿ ವಿಚಾರಿಸಲಿ. ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡಿನ ದೊಡ್ಡ ಕುಟುಂಬಗಳಿಗೂ ಅಕ್ಕಿ ಸೇರಿಸುತ್ತೇವೆ. ಆ ಕಾರ್ಡಿಗೆ ಜನ ಎಷ್ಟೇ ಇರಲಿ ತಿಂಗಳಿಗೆ 35 ಕೆಜಿಯೇ. ಇಬ್ಬರಿಗೆ ಅದು ಧಾರಾಳ, ಒಂಬತ್ತು ಜನರಿಗೆ ತಲೆಗೆ ನಾಲ್ಕು ಕೆಜಿಯೂ ಬೀಳುವುದಿಲ್ಲ.

ಮಳಿಗೆಗೆ ಬರುವವರಿಗೂ ಎರಡು ಬದಲಾವಣೆ. ತೊಗರಿಬೇಳೆ ಮನೆಗೆ ವಾರಕ್ಕೆ 2 ಕೆಜಿ, ಎಣ್ಣೆ 2 ಲೀಟರ್, ಅದಕ್ಕಿಂತ ಹೆಚ್ಚು ಸದ್ಯಕ್ಕೆ ಕೊಡಲಾಗುವುದಿಲ್ಲ. ಶಿವಮೊಗ್ಗದಿಂದ ಲೋಡ್ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಬಿಡಿ ಸಾಮಾನು ತೂಗಿ ಕೊಡುವುದೂ ನಿಂತಿದೆ. ಅರ್ಧ, ಒಂದು ಕೆಜಿ ಪೊಟ್ಟಣ ಕಟ್ಟಿಟ್ಟಿರುತ್ತೇವೆ, ಕೌಂಟರಿನ ಮುಂದೆ ನಿಲ್ಲುವ ಹೊತ್ತು ಕಡಿಮೆಯಾಗಲಿ ಎಂದು.

ಕಿಟ್ ಪಡೆಯುವವರ ಫೋಟೊ ಕಳಿಸಿ ಎಂದು ಹಣ ಕಟ್ಟಿದ ಕೆಲವರು ಕೇಳಿದ್ದೀರಿ. ಫೋಟೊ ತೆಗೆಯುವುದಿಲ್ಲ. ಖರೀದಿಯ ಬಿಲ್ ಮತ್ತು ಯಾವ ಊರಿಗೆ ಎಷ್ಟು ಕಿಟ್ ಹೋಯಿತೆಂಬ ಪಟ್ಟಿ ಪ್ರತಿ ಶನಿವಾರ ಮಳಿಗೆಯ ಬೋರ್ಡಿನಲ್ಲಿ ಇರುತ್ತದೆ.

ನೆಟ್‌ವರ್ಕ್ ಇಲ್ಲದ ಮನೆಯ ಹೆಸರು ತಿಳಿಸುವವರು ಹಾಲಿನ ಡೇರಿಯಲ್ಲೋ ಆಶಾ ಕಾರ್ಯಕರ್ತೆಯರ ಹತ್ತಿರವೋ ಚೀಟಿ ಕೊಡಿ. ಅದರಲ್ಲಿ ಮನೆಯ ಜನ ಎಷ್ಟು, ಕಾರ್ಡ್ ಯಾವುದು, ರಸ್ತೆಯಿಂದ ಎಷ್ಟು ದೂರ ಎಂಬ ಮೂರನ್ನೂ ಬರೆಯಿರಿ. ಬುಧವಾರ ಸಂಜೆಯೊಳಗೆ ಬಂದ ಚೀಟಿಗೆ ಶುಕ್ರವಾರದ ಗಾಡಿ.

ಇಂತಿ,
ವ್ಯವಸ್ಥಾಪಕರು ಮತ್ತು ಸಿಬ್ಬಂದಿ