ಮಗಳಿಗೊಂದು ಪತ್ರ: ಎಣಿಕೆ ತಪ್ಪಿದ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

"ಅಪ್ಪಾ, ಆ ಜೌಗಿನಲ್ಲಿ ದಿನವಿಡೀ ಏನ್ ಮಾಡ್ತೀಯ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ನಿಜ ಹೇಳಬೇಕೆಂದರೆ, ಜಾಸ್ತಿ ಹೊತ್ತು ಕೆಸರಲ್ಲೇ ಇರುತ್ತೇನೆ. ಸ್ವಯಂಸೇವಕ ಅಂದರೆ ದುರ್ಬೀನು ಹಿಡಿದು ಕೂರುವವನು ಅಂತ ನಾನೂ ಅಂದುಕೊಂಡಿದ್ದೆ. ಮೂರು ವಾರದಿಂದ ಜೊಂಡು ಕತ್ತರಿಸಿ ದಡಕ್ಕೆ ಎಳೆದದ್ದೇ ಆಯ್ತು. ಬಿಟ್ಟರೆ ಅದು ನೀರನ್ನೆಲ್ಲ ಮುಚ್ಚಿಬಿಡುತ್ತದೆ, ಬಾತುಗಳಿಗೆ ಇಳಿಯಲು ಜಾಗವೇ ಇರುವುದಿಲ್ಲ. ಪೂರ್ತಿ ತೆಗೆಯುವ ಹಾಗೂ ಇಲ್ಲ. ಅಡಗೋಕೆ ಅದೇ ಬೇಕಲ್ವಾ?

ಈ ಶನಿವಾರ ಮಾತ್ರ ಎಣಿಕೆ ಇತ್ತು. 1967ರಿಂದ ಪ್ರತಿ ಜನವರಿಯಲ್ಲಿ ಬೇರೆ ಬೇರೆ ದೇಶಗಳಲ್ಲಿ ನೀರುಹಕ್ಕಿಗಳನ್ನು ಎಣಿಸುತ್ತಾ ಬಂದಿದ್ದಾರೆ. ನನ್ನ ಪಾಲಿಗೆ ಬಂದದ್ದು ಸೂಜಿಬಾಲದ ಬಾತು. ಒಂದೊಂದಾಗಿ ಎಣಿಸುತ್ತಾ ಕೂತರೆ ಸಂಜೆಯಾಗುತ್ತದೆ. ಮೊದಲು ಹತ್ತನ್ನು ಎಣಿಸಬೇಕು, ಆ ಹತ್ತು ಎಷ್ಟು ಅಗಲ ಹಿಡಿಯುತ್ತವೆ ಅಂತ ಕಣ್ಣಲ್ಲೇ ಅಳೆದುಕೊಂಡು ಆ ಅಳತೆಯನ್ನೇ ಮುಂದೆ ಮುಂದೆ ಸರಿಸಬೇಕು. 340ಕ್ಕೆ ಬಂದಿದ್ದೆ ನೋಡು, ಇಡೀ ಹಿಂಡು ಒಮ್ಮೆಗೇ ಎದ್ದುಬಿಟ್ಟಿತು!

ನಾನು ಬಾಯಿ ಬಿಟ್ಟು ಮೇಲೆ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರು, "ಎದ್ದವನ್ನು ಯಾಕೆ ನೋಡ್ತೀರಿ, ಎಬ್ಬಿಸಿದವನನ್ನು ಹುಡುಕಿ" ಅಂದರು. ಸಿಕ್ಕಿತು. ಜೌಗು ಸೆಳೆವ, ಹದ್ದಿನಂಥ ಬೇಟೆಹಕ್ಕಿ. ಜೊಂಡಿನ ತುದಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಕೊಂಚ ಮೇಲೆತ್ತಿ, ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ನಾಮದ ಕೋಳಿಗಳು, ಅಂದರೆ ಹಣೆಯಲ್ಲಿ ಬಿಳಿ ನಾಮವಿರುವ ಕಪ್ಪು ನೀರುಹಕ್ಕಿಗಳು, ಹಾರಲೇ ಇಲ್ಲ. ಮೈಗೆ ಮೈ ತಾಗಿಸಿ ಒಂದೇ ಕಪ್ಪು ಮುದ್ದೆಯಾಗಿ ನಿಂತವು. ಸೆಳೆವ ಬರಿಗೈಲಿ ಹೋಯಿತು. ಬರಿಗಾಲಲ್ಲಿ ಅನ್ನಬೇಕೇನೋ.

ಎರಡನೇ ಸಲ ಎಬ್ಬಿಸಿದ್ದು ನಾನೇ. ಕಾಲು ಜೋಮು ಹಿಡಿದಿತ್ತು, ದಡದ ಮೇಲೆ ಎದ್ದು ನಿಂತುಬಿಟ್ಟೆ. ಆಕಾಶಕ್ಕೆ ಅಡ್ಡವಾಗಿ ಆಳು ಕಂಡರೆ ಹಕ್ಕಿ ಕಾಯುತ್ತದೆಯೇ? ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಎಷ್ಟು ದೂರ ಹಾರಿ ಬಂದು ಇಲ್ಲಿ ಮೈಗೆ ಕೊಬ್ಬು ತುಂಬಿಕೊಳ್ಳುತ್ತಿರುತ್ತವೆ. ಸುಮ್ನೆ ಹಾರಿಸಿದರೆ ಅದೇ ಖರ್ಚಾಗುವುದು.

ಮೂರನೇ ಎಣಿಕೆಗೆ 410 ಬಂತು. ಅದನ್ನೇ ಬರೆದುಕೊಟ್ಟೆ.

ನಿನಗೆ ಇಷ್ಟವಾಗುವುದು ಬೇರೆ ಬಾತು, ಶೋವೆಲರ್. ಸಲಿಕೆಯಂಥ ಕೊಕ್ಕು, ಅದರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಎಳೆಗಳು. ಏಳೆಂಟು ಸೇರಿ ಒಂದರ ಹಿಂದೊಂದು ಗುಂಡಗೆ ಸುತ್ತುತ್ತಿದ್ದವು. ಕಾಲಾಡಿಸಿ ತಳದ ಹುಳುಹುಪ್ಪಟೆಯನ್ನು ಮೇಲೆಬ್ಬಿಸಿ, ಮುಂದಿನದು ಕಲಕಿದ್ದನ್ನು ಹಿಂದಿನದು ಸೋಸಿ ತಿನ್ನುತ್ತದೆ. ತಲೆ ಎತ್ತುವುದೇ ಇಲ್ಲ, ನೀನು ಮೊಬೈಲು ನೋಡುವ ಹಾಗೆ.

ನೀರುನಾಯಿ ಇನ್ನೂ ಕಂಡಿಲ್ಲ. ಬಂಡೆಯ ಮೇಲೆ ಹಿಕ್ಕೆ ಸಿಕ್ಕಿತು, ತುಂಬ ಮೀನಿನ ಮುಳ್ಳು, ಹುರುಪೆ. ಫೋಟೋ ತೆಗೆದು ಮನೆಯಲ್ಲಿ ತೋರಿಸಿದೆ. "ಊಟದ ಹೊತ್ತಲ್ಲಿ ಇದೇನ್ರೀ?" ಅಂದಳು ನಿನ್ನಮ್ಮ. ನಿನಗೂ ಕಳಿಸುತ್ತೇನೆ.

ಮುಂದಿನ ತಿಂಗಳು ಬರುತ್ತೀಯಲ್ಲ, ಆ ಕೆಂಪು ಜಾಕೆಟ್ ಮಾತ್ರ ತರಬೇಡ.

ಇಂತಿ ನಿನ್ನ,
ಅಪ್ಪ