ಅಣ್ಣಗ, ಮುಂಬೈದಿಂದ

ಅಣ್ಣಾ, ನಮಸ್ಕಾರ. ನಾ ಆರಾಮ ಅದೇನಿ, ನೀವೆಲ್ಲಾ ಆರಾಮ ಅಂತ ತಿಳ್ಕೊಂಡೇನಿ. ಅವ್ವನ ಮೊಣಕಾಲಿನ ಎಣ್ಣಿ ಮುಟ್ಟಿತೇನು?

ನಿನ್ನ ಕಾಗದ ಓದಿ ತಲಿ ಕೆಟ್ಟ ಹೋತು. ಬಸಣ್ಣ ಕಾಕಾನ ಮಗ ಮಾಟುಂಗಾದಾಗ ತಗದ ಆ ಫೋಟೋ ತಂಗಿ ಶೈಲಾನ ಮದವಿ ಮಾತುಕತಿ ನಡದಿರೂ ಧಾರವಾಡದ ಬೀಗರ ತನಕ ಹೋಗೇದಂದ್ರ ಏನ ಹೇಳ್ಲಿ? ಕಾರಿನ ಡಿಕ್ಕಿ ಮುಚ್ಚಾಕ ಕೈ ಎತ್ತಿದೆ, ಅಂಗಿ ಮ್ಯಾಲ ಹೋತು, ನಡದಾಗಿನ ರಿವಾಲ್ವರ್ ಕಾಣ್ತು, ಇಷ್ಟ. ಅದಕ್ಕ "ಹುಡುಗಿ ಅಣ್ಣ ಭಾಯಿ ಗೀಯಿ ಏನಲ್ಲಲಾ" ಅಂತಾರಂತ! ಅವರಿಗೆ ಸ್ಪಷ್ಟ ಹೇಳು, ಫೌಜಿನಿಂದ ಪೆನ್ಶನ್ ತಗೊಂಡ ಬಂದಾಂವ, ಬಂಗಾರದ ವ್ಯಾಪಾರಿ ಕಡೆ ಬಾಡಿಗಾರ್ಡ್ ಅದಾನ, ಲೈಸೆನ್ಸ್ ಸ್ವಂತ ಹೆಸರಿಲೇ ಅದ ಅಂತ. ಮತ್ತ ಮುಚ್ಕೊಂಡು ಯಾಕ ತಿರಗತಾನ ಅಂದ್ರ, 2016ರ ಆರ್ಮ್ಸ್ ರೂಲ್ಸ್‌ನಾಗೇ ಹಂಗ ಅದ, ಮಂದ್ಯಾಗ ಒಯ್ಯೂದಿದ್ರ ಹೋಲ್ಸ್ಟರ್‌ನಾಗ (ರಿವಾಲ್ವರ್ ಇಡೂ ಕವಚ) ಇಟ್ಟು ಪೂರಾ ಮುಚ್ಚಿರಬೇಕು. ತೋರಿಸ್ಕೊಂಡು ತಿರಗಾವರೇ ತಪ್ಪ ಮಾಡಾವರು.

ಈಗ ಅದನ್ನ ಇಡೂ ಜಾಗಾ ಬದಲಿ ಮಾಡೇನಿ, ಇನ್ನ ಯಾರಿಗೂ ಕಾಣೂದಿಲ್ಲ. ಇಲ್ಲಿ ನಮ್ಮ ಲೈನಿನವರು ನಡಾ ಅಂದ್ರ ಗಡಿಯಾರ ಇದ್ದಂಗ ಹೇಳ್ತಾರ, ಹೊಕ್ಕಳ 12, ಬಲಗಡೆ ಟೊಂಕ 3, ಬೆನ್ನಿನ ನಡು 6. ನಂದು ಬೆಲ್ಟಿನ ಹೊರಗ 4ಕ್ಕ ಇತ್ತು, ಕಾನ್ಪುರದ .32 ರಿವಾಲ್ವರ್ ನೋಡು, ಆರು ಗುಂಡಿನ ಚಕ್ರ ದಪ್ಪ, ಅಂಗಿ ಮ್ಯಾಲ ಉಬ್ಬಿ ಕಾಣ್ತದ. 6ಕ್ಕ ಇಡು ಅಂದ ಒಬ್ಬ ಶಾಣ್ಯಾ, ಬೆನ್ನ ಮ್ಯಾಲ ಬಿದ್ರ ಬೆನ್ನುಹುರಿಗೇ ಪೆಟ್ಟಾಗಬಹುದು, ಹಿಂದಿನಾಂವ ಕಸ್ಕೊಂಡ್ರೂ ಗೊತ್ತಾಗೂದಿಲ್ಲ. ಬಗಲಾಗ ಕಟ್ಕೊಳ್ಳೂ ಹೋಲ್ಸ್ಟರ್‌ಗೆ ಮ್ಯಾಲ ಕೋಟ್ ಬೇಕು, ಮೇ ತಿಂಗಳ ಮುಂಬೈ ಸೆಕಿಯಾಗ ಕೋಟ್ ಹಾಕಿದಾಂವನೇ ಎಲ್ಲಾರ ಕಣ್ಣಿಗಿ ಬೀಳ್ತಾನ. ಕಾಲಿಗಿ ಕಟ್ಟಿದ್ರ ಬಗ್ಗಿ ತಗಿಯೂದ್ರಾಗ ಕೆಲಸ ಮುಗದಿರ್ತದ.

ಹುಡುಗರು ಈಗ ಮುಂದ ಕಿಬ್ಬೊಟ್ಟಿ ಹತ್ರ 1ಕ್ಕ ಇಡ್ತಾರ. ಲಗೂನ ಕೈಗೆ ಬರ್ತದ ಖರೆ, ಗದ್ಲದಾಗ ಎರಡೂ ಕೈ ಅಲ್ಲೇ ಇರ್ತಾವ, ಆದ್ರ ಕುಂತ್ರ ಹೊಟ್ಟಿಗಿ ಚುಚ್ಚತದ, ನಳಿಗಿ ತೊಡಿ ಸಂದಿಗಿ ತೋರಸ್ತದ. ಅವ್ವಗ ಇದನ್ನ ಓದಿ ಹೇಳಬ್ಯಾಡ ಮತ್ತ.

ಕಾರಿನಾಗ ಒಂದ ಪೀಕಲಾಟ ಅದ. ನಾ ಮುಂದ ಡ್ರೈವರ್ ಬಾಜೂಕ ಕೂಡಾಂವ, ಸೀಟ್ ಬೆಲ್ಟ್ ಎಡ ಭುಜದಿಂದ ಇಳದು ಬಲಗಡೆ ಟೊಂಕಕ್ಕ ಲಾಕ್ ಆಗ್ತದ, ಸರಿಯಾಗಿ ಹಿಡಿಕಿ ಮ್ಯಾಲೇ! ಎಡಕ್ಕ ಅಡ್ಡ ಇಟ್ರ ಬಕಲ್ ಕಾಟ ಇಲ್ಲ, ಆದ್ರ ಹಿಡಿಕಿ ಎದುರಿನಾಂವನ ಕೈಗೆ ಕೊಟ್ಟಂಗ. ಕಡೀಕ ಪ್ಯಾಂಟಿನ ಒಳಗ, ಮೂರೂವರಿಗಿ, ಹಿಡಿಕಿ ಜರಾ ಮುಂದಕ್ಕ ಬಾಗಿಸಿ ಇಟ್ಟೇನಿ, ಕಾರ್ ಹತ್ತಿ ಕುಂತ ಮ್ಯಾಲ ಬಕಲ್ ಅದರ ಕೆಳಗ ತೂರಸ್ತೇನಿ. ಹೆಂಗೂ ನನ್ನ ಕೆಲಸ ಇರೂದು ಕಾರಿನಿಂದ ಇಳದ ಮ್ಯಾಲೇ. ಚರ್ಮದ ಹೋಲ್ಸ್ಟರ್ ಬೆವರಿಗಿ ಒದ್ದಿ ಆಗಿ ರಿವಾಲ್ವರಿಗಿ ಜಂಗ ಹತ್ತತಿತ್ತು, ಈಗ ಗಟ್ಟಿ ಪ್ಲಾಸ್ಟಿಕ್‌ದು ತಗೊಂಡೇನಿ, ಟ್ರಿಗರ್ ಪೂರಾ ಮುಚ್ಚತದ, ಒಳಗಿದ್ದಾಗ ಬೆರಳು ಹೋಗಾಂಗೇ ಇಲ್ಲ. ಹಂಗಾಗಿ ತಾನಾಗೇ ಸಿಡಿತದ ಅಂತ ಅವ್ವ ಅಷ್ಟ ಹೆದರೂದು ಬ್ಯಾಡ, ಬೆರಳು ತಾಗಿ ಸಿಡಿಯೂ ಅಂಜಿಕಿ ಭಾಳ ಕಮ್ಮಿ. ಬಗ್ಗೂದಿದ್ರೂ ನಾ ಈಗ ನಡಾ ಬಗ್ಗಸೂದಿಲ್ಲ, ಮೊಣಕಾಲ ಮಡಚಿ ಕೂಡ್ತೇನಿ, ಮಂದಿ ನೋಡಿ ನಗ್ತಾರ, ನಗ್ಲಿ.

ಶೈಲಾನ ಮಾತುಕತಿಗಿ ಬರೂಮುಂದ ಅದನ್ನ ತರೂದಿಲ್ಲ, ನನ್ನ ಲೈಸೆನ್ಸ್ ಮಹಾರಾಷ್ಟ್ರಕ್ಕ ಅಷ್ಟ ನಡಿತದ, ಇಲ್ಲೇ ಬಂದೂಕಿನ ಅಂಗಡ್ಯಾಗ ಜಮಾ ಮಾಡಿ ರಸೀದಿ ತಗೊಂಡ ಬರ್ತೇನಿ. ಬೇಕಾದ್ರ ಬೀಗರಿಗೆ ಲೈಸೆನ್ಸ್ ಪುಸ್ತಕಾನೂ ಫೌಜಿನ ಡಿಸ್ಚಾರ್ಜ್ ಬುಕ್ಕೂ ತೋರಸೂಣು. ನೀ ಸಿಟ್ಟಿಗೆದ್ದು ಅವರ ಕೂಡ ಮಾತ ಬೆಳಸಬ್ಯಾಡ, ಹುಡುಗ ಚಲೋ ಅದಾನ. ತಾರೀಖ ಗೊತ್ತಾದ ಕೂಡ್ಲೇ ಫೋನ್ ಮಾಡು, ರಜಾ ಕೇಳಬೇಕು. ಸಾಹೇಬ್ರು ಕೆಳಗ ಇಳದ್ರು, ಝವೇರಿ ಬಜಾರಕ್ಕ ಹೊಂಟೇವಿ, ವೈನಿಗಿ ಹೇಳು, ಇಡ್ತೇನಿ.

ನಿನ್ನ ತಮ್ಮ