ಕಪ್ಪುಕುಳಿಯ ಸುದ್ದಿಯ ಜೊತೆ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್) ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ತಲೆಬರಹ ಒಂದೋ ‘ಎಲ್ಲವನ್ನೂ ನುಂಗುವ ದೈತ್ಯ ಪತ್ತೆ’ ಎಂದಿರುತ್ತದೆ, ಇಲ್ಲವೇ ‘ವಿಜ್ಞಾನಿಗಳಿಗೇ ಅಚ್ಚರಿ’ ಎಂದು. ಅದು ದೂರದರ್ಶಕದಲ್ಲಿ ಕಂಡದ್ದೋ ಲೆಕ್ಕದಲ್ಲಿ ಬಂದದ್ದೋ, ಕೊಟ್ಟ ಅಂಕಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬ ಎರಡು ಸಂಗತಿಗಳು ಮಾತ್ರ ಬಿಟ್ಟುಹೋಗಿರುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಪಠ್ಯಪುಸ್ತಕದ ಆಚೆಗೆ ಕನ್ನಡದಲ್ಲಿ ವಿಜ್ಞಾನ ಸಿಗುವುದು ಬಹುಮಟ್ಟಿಗೆ ಪತ್ರಿಕೆಯಲ್ಲೇ. ಆದ್ದರಿಂದ ಈ ಪತ್ರ.

ಒಮೆಗಾ ಸೆಂಟಾರಿಯನ್ನೇ ತೆಗೆದುಕೊಳ್ಳಿ. ಸುಮಾರು ಒಂದು ಕೋಟಿ ನಕ್ಷತ್ರಗಳು ತಮ್ಮದೇ ಗುರುತ್ವದಿಂದ ದುಂಡಗೆ ಗುಂಪುಗೂಡಿರುವ ಈ ಗೋಳಗುಚ್ಛ ನಮ್ಮಿಂದ ಹೆಚ್ಚುಕಡಿಮೆ 17 ಸಾವಿರ ಜ್ಯೋತಿರ್ವರ್ಷ ದೂರದಲ್ಲಿದೆ. ಹಬಲ್ ದೂರದರ್ಶಕ 20 ವರ್ಷಗಳಲ್ಲಿ ತೆಗೆದ 500ಕ್ಕೂ ಹೆಚ್ಚು ಚಿತ್ರಗಳಿಂದ 14 ಲಕ್ಷ ನಕ್ಷತ್ರಗಳ ಚಲನೆ ಅಳೆದ ತಂಡವೊಂದು 2024ರ ಜುಲೈಯಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬರೆದದ್ದಿಷ್ಟು: ನಟ್ಟನಡುವಿನ ಏಳು ನಕ್ಷತ್ರಗಳ ವೇಗ ನೋಡಿದರೆ ಅವು ಎಂದೋ ಗುಚ್ಛ ಬಿಟ್ಟು ಹೋಗಿರಬೇಕಿತ್ತು. ಹೋಗದೆ ಅಲ್ಲೇ ಇವೆ ಎಂದಾದರೆ ಅವನ್ನು ಹಿಡಿದಿಟ್ಟಿರುವ ಕಪ್ಪುಕುಳಿಯ ದ್ರವ್ಯರಾಶಿ ಕನಿಷ್ಠ 8,200 ಸೂರ್ಯರಷ್ಟು. ಇಲ್ಲಿ ‘ಕನಿಷ್ಠ’ ಎಂಬುದು ಬಹಳ ಮುಖ್ಯ. ಏಳು ನಕ್ಷತ್ರಗಳು ಕಂಡದ್ದು; ಕಪ್ಪುಕುಳಿ ಲೆಕ್ಕದಲ್ಲಿ ಬಂದದ್ದು. ಆಮೇಲೆ, ತಿರುಗುತ್ತಾ ಗಡಿಯಾರದಂತೆ ಮಿಡಿಯುವ ಸತ್ತ ನಕ್ಷತ್ರಗಳಾದ ಪಲ್ಸಾರ್‌ಗಳ ಮಿಡಿತವನ್ನೂ ಸೇರಿಸಿಕೊಂಡು ಲೆಕ್ಕ ಹಾಕಿದ ಇನ್ನೊಂದು ತಂಡ, ನಡುವಿನಲ್ಲಿರುವುದು ಒಂದೇ ದೊಡ್ಡ ಕುಳಿಗಿಂತ ಹರಡಿಕೊಂಡಿರುವ ಸಣ್ಣ ಕುಳಿಗಳ ಹಿಂಡು ಎಂಬ ಕಡೆಗೆ ವಾಲಿತು. ಜಗಳ ಇನ್ನೂ ಮುಗಿದಿಲ್ಲ.

ಇಂಥ ಜಗಳವನ್ನು ಸೈದ್ಧಾಂತಿಕ ಖಭೌತವಿಜ್ಞಾನಿ ಹೇಗೆ ಬಿಡಿಸುತ್ತಾರೆ? ಗುಚ್ಛವನ್ನೇ ಕಂಪ್ಯೂಟರಿನೊಳಗೆ ಕಟ್ಟಿ ಓಡಿಸುತ್ತಾರೆ. ಕಂಪ್ಯೂಟರ್ ಇಲ್ಲದ 1941ರಲ್ಲಿ ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಎರಡು ನಕ್ಷತ್ರಮಂಡಲಗಳ ಡಿಕ್ಕಿಯನ್ನು 74 ಬಲ್ಬುಗಳಿಂದ ಲೆಕ್ಕ ಹಾಕಿದ್ದರು. ಬೆಳಕೂ ಗುರುತ್ವವೂ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ಒಂದೊಂದು ಬಲ್ಬಿನ ಜಾಗದಲ್ಲಿ ಬೀಳುವ ಬೆಳಕನ್ನು ಅಳೆದರೆ ಅಲ್ಲಿನ ಸೆಳೆತ ಸಿಕ್ಕಂತೆಯೇ. 1960ರಲ್ಲಿ ಸೆಬಾಸ್ಟಿಯನ್ ಫಾನ್ ಹೋರ್ನರ್ ಕಂಪ್ಯೂಟರಿನಲ್ಲಿ ಓಡಿಸಿದ್ದು 16 ನಕ್ಷತ್ರಗಳನ್ನು. ಹತ್ತು ಲಕ್ಷದ ಮಟ್ಟ ಮುಟ್ಟಿದ ‘ಡ್ರ್ಯಾಗನ್’ ಹೆಸರಿನ ಕಂಪ್ಯೂಟರ್ ಲೆಕ್ಕಗಳು ಪ್ರಕಟವಾದದ್ದು 2016ರಲ್ಲಿ. ತಡವಾದದ್ದಕ್ಕೆ ಕಾರಣ ಸರಳ: ಪ್ರತಿ ಜೋಡಿಯ ಸೆಳೆತವನ್ನೂ ಲೆಕ್ಕ ಹಾಕಬೇಕು. ನೂರು ನಕ್ಷತ್ರಕ್ಕೆ 4,950 ಜೋಡಿ, ಒಂದು ಲಕ್ಷಕ್ಕೆ ಸುಮಾರು 500 ಕೋಟಿ, ಅದೂ ಒಂದೇ ಹೆಜ್ಜೆಗೆ.

ನೂರರ ಲೆಕ್ಕ ನಮ್ಮ ಶಾಲೆಗಳ ಐಟಿ ಲ್ಯಾಬಿನ ಲ್ಯಾಪ್‌ಟಾಪಿನಲ್ಲಿ ಆರಾಮವಾಗಿ ಓಡುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಮತ್ತು ಅದರ ಲೆಕ್ಕದ ಲೈಬ್ರರಿ ನಂಪೈ ಇದ್ದರೆ ಸಾಕು. ಗುರುತ್ವ ಸ್ಥಿರಾಂಕವನ್ನೂ ಗುಚ್ಛದ ಒಟ್ಟು ದ್ರವ್ಯರಾಶಿಯನ್ನೂ 1 ಎಂದಿಟ್ಟುಕೊಳ್ಳಿ. 1 ತ್ರಿಜ್ಯದ ಗೋಳದೊಳಗೆ ನೂರು ಬಿಂದುಗಳನ್ನು ಯಾದೃಚ್ಛಿಕವಾಗಿ ಚೆಲ್ಲಿ. ಐದಕ್ಕೆ ಮಾತ್ರ ಉಳಿದವುಗಳ ಹತ್ತು ಪಟ್ಟು ದ್ರವ್ಯರಾಶಿ ಕೊಡಿ, ಅವೇ ನಮ್ಮ ಕಪ್ಪುಕುಳಿಗಳು. ಎಲ್ಲಕ್ಕೂ ಮನಬಂದ ದಿಕ್ಕಿನ ವೇಗ ಕೊಟ್ಟು, ಅದರಿಂದ ಇಡೀ ಗುಚ್ಛದ ದ್ರವ್ಯಕೇಂದ್ರದ ವೇಗ ಕಳೆಯಿರಿ. ಇದನ್ನು ಮರೆತರೆ ಗುಚ್ಛವೇ ಪರದೆಯಿಂದಾಚೆ ತೇಲಿಹೋಗುತ್ತದೆ. ಬಳಿಕ ಚಲನಶಕ್ತಿ ಸ್ಥಾನಶಕ್ತಿಯ (ಋಣಚಿಹ್ನೆ ಬಿಟ್ಟು) ಅರ್ಧದಷ್ಟಾಗುವಂತೆ ಎಲ್ಲ ವೇಗಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಿ. ವೇಗ ಹೆಚ್ಚಾದರೆ ಗುಚ್ಛ ಚದುರುತ್ತದೆ, ಕಡಿಮೆಯಾದರೆ ಕುಸಿಯುತ್ತದೆ. ಕಾಲದ ಹೆಜ್ಜೆ 0.0005 ಇರಲಿ, ಸ್ಥಾನವನ್ನೂ ವೇಗವನ್ನೂ ಸರದಿಯಂತೆ ಮುಂದಕ್ಕೊಯ್ಯುವ ಲೀಪ್‌ಫ್ರಾಗ್ ವಿಧಾನ ಸಾಕು. ನಕ್ಷತ್ರವೊಂದು ಗುಚ್ಛವನ್ನು ಒಮ್ಮೆ ದಾಟಲು ಸುಮಾರು 5,000 ಹೆಜ್ಜೆ ಬೇಕು. ಹತ್ತು ದಾಟುವಿಕೆ ಓಡಿಸಿದರೆ ಕಥೆ ಕಾಣುತ್ತದೆ. ಭಾರದ ಐದು ನಡುವಿನಿಂದ ಎಷ್ಟು ದೂರ, ಉಳಿದ ತೊಂಬತ್ತೈದು ಎಷ್ಟು ದೂರ ಎಂಬ ಎರಡು ಮಧ್ಯಾಂಕಗಳನ್ನು ಆಗಾಗ ಬರೆದಿಡಿ. ಶುರುವಿನಲ್ಲಿ ಎರಡೂ 0.8ರ ಆಸುಪಾಸು ಇರಬೇಕು. ಐದೇ ಬಿಂದುಗಳ ಮಧ್ಯಾಂಕ ಸ್ವಲ್ಪ ಆಚೀಚೆ ಆದೀತು. ಹೆಚ್ಚು ಹೊತ್ತಾಗುವ ಮುನ್ನವೇ ಭಾರದವು ನಡುವಿಗೆ ಇಳಿಯುತ್ತವೆ, ಹಗುರದವು ಅಂಚಿಗೆ ಸರಿಯುತ್ತವೆ, ತಡ್ಪೆಯಲ್ಲಿ ಅಕ್ಕಿ ಕೇರಿದ ಹಾಗೆ. ದೂರವನ್ನು ದ್ರವ್ಯಕೇಂದ್ರದಿಂದ ಅಳೆಯಬೇಡಿ, ಎಲ್ಲ ಬಿಂದುಗಳ ಸ್ಥಾನಗಳ ಮಧ್ಯಾಂಕವನ್ನೇ ನಡು ಎಂದು ಹಿಡಿಯಿರಿ. ಹೊರಗೆ ಎಸೆಯಲ್ಪಟ್ಟ ಒಂದೇ ನಕ್ಷತ್ರ ದ್ರವ್ಯಕೇಂದ್ರವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ಲೆಕ್ಕ ಕೈಕೊಡುವುದು ಎರಡು ಬಿಂದುಗಳು ಹತ್ತಿರ ಬಂದಾಗ. ದೂರ ಸೊನ್ನೆಯ ಕಡೆ ಹೋದರೆ ಬಲ ಮೇರೆ ಮೀರುತ್ತದೆ. ಹೆಜ್ಜೆ ದೊಡ್ಡದಿದ್ದರೆ ನಕ್ಷತ್ರ ಇಲ್ಲದ ಶಕ್ತಿಯನ್ನು ಪಡೆದು ಗುಂಡಿನಂತೆ ಹಾರುತ್ತದೆ. ಅದು ಕಂಡುಹಿಡಿದದ್ದಲ್ಲ, ಲೆಕ್ಕದ ತಪ್ಪು. ತಡೆಯಲು ದೂರದ ವರ್ಗಕ್ಕೆ 0.01ರ ವರ್ಗವನ್ನು ಕೂಡಿಸಿಕೊಳ್ಳುತ್ತಾರೆ. ಒಟ್ಟು ಶಕ್ತಿ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬದಲಾದರೆ ಹೆಜ್ಜೆ ಅರ್ಧ ಮಾಡಿ ಮತ್ತೆ ಮೊದಲಿನಿಂದ ಓಡಿಸಬೇಕು. ಆದರೆ ಈ ಮೆದುಗೊಳಿಸುವಿಕೆಗೂ ಬೆಲೆಯಿದೆ. ಎರಡು ಕಪ್ಪುಕುಳಿಗಳು ಬಿಗಿಯಾದ ಜೋಡಿಯಾಗುವುದೇ ಅದರಿಂದ ತಪ್ಪುತ್ತದೆ, ಮತ್ತು ಖಭೌತವಿಜ್ಞಾನಿಗೆ ಬೇಕಾದದ್ದು ಆ ಜೋಡಿಯೇ. ಕೇಂಬ್ರಿಜ್‌ನಲ್ಲಿ ಸ್ವೆರ್ರೆ ಆರ್ಸೆತ್ ದಶಕಗಳ ಕಾಲ ತಿದ್ದಿದ ಪ್ರೋಗ್ರಾಮುಗಳು ಮೆದುಗೊಳಿಸದೆ, ಹತ್ತಿರದ ಜೋಡಿಗಳಿಗೆ ಬೇರೆಯೇ ಗಣಿತ ಬಳಸುವುದು ಇದಕ್ಕಾಗಿ.

ಜೋಡಿಯ ಹತ್ತಿರ ಮೂರನೆಯದೊಂದು ಬಂದು ಹೋದಾಗ ಅದು ಜೋಡಿಯಿಂದ ಶಕ್ತಿ ಕಿತ್ತುಕೊಂಡು ಹೋಗುತ್ತದೆ, ಮೊದಲೇ ಬಿಗಿಯಾಗಿದ್ದ ಜೋಡಿ ಇನ್ನಷ್ಟು ಬಿಗಿಯುತ್ತದೆ. ಡಗ್ಲಸ್ ಹೆಗ್ಗಿ 1975ರಲ್ಲಿ ಇದನ್ನು ಗಣಿತದಲ್ಲಿ ತೋರಿಸಿದರು. ಸಾಕಷ್ಟು ಬಿಗಿದ ಮೇಲೆ ಗುರುತ್ವ ಅಲೆಗಳೇ (ಸುತ್ತುವ ಜೋಡಿ ದೇಶಕಾಲದಲ್ಲಿ ಎಬ್ಬಿಸುವ ಕಂಪನಗಳು) ಶಕ್ತಿ ಒಯ್ದು ಉಳಿದ ಕೆಲಸ ಮುಗಿಸುತ್ತವೆ, ಎರಡೂ ಸೇರಿಹೋಗುತ್ತವೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಗುರುತ್ವ ಅಲೆ ಪತ್ತೆಕೇಂದ್ರ ಲೈಗೋ ಹಿಡಿದ ಮೊದಲ ಅಲೆ, 36 ಮತ್ತು 29 ಸೂರ್ಯರಷ್ಟಿದ್ದ ಎರಡು ಕುಳಿಗಳು ಸೇರಿ 62 ಆದಾಗ ಹೊರಟದ್ದು. ಉಳಿದ 3 ಅಲೆಯಾಗಿ ಹೋಯಿತು. ಅಂಥ ಜೋಡಿಗಳು ಗುಚ್ಛಗಳೊಳಗೆ ಹುಟ್ಟಿರಬಹುದು ಎಂಬುದು ಒಂದು ವಾದ, ಗುಚ್ಛದಿಂದಾಚೆ ತಾವಷ್ಟೇ ಇರುವ ಅವಳಿ ನಕ್ಷತ್ರಗಳಿಂದಲೂ ಹುಟ್ಟಬಹುದು ಎಂಬುದು ಇನ್ನೊಂದು. ಎರಡೂ ದಾರಿ ಇರಬಹುದು. ಅಂದಹಾಗೆ, ದೂರದ ನಕ್ಷತ್ರಕ್ಕೆ ಕಪ್ಪುಕುಳಿಯ ಸೆಳೆತ ಅಷ್ಟೇ ದ್ರವ್ಯರಾಶಿಯ ಮತ್ತಾವ ವಸ್ತುವಿಗಿಂತಲೂ ಹೆಚ್ಚಲ್ಲ. ‘ಎಲ್ಲವನ್ನೂ ನುಂಗುವ’ ಎಂಬುದನ್ನು ಇನ್ನಾದರೂ ಕೈಬಿಡಿ.

ಅಂಕಿ ಕೈಕೊಟ್ಟದ್ದಕ್ಕೆ ಒಳ್ಳೆಯ ಉದಾಹರಣೆ ಗ್ರಹಗಳ ಕಡೆಯಿಂದ. 2000ನೇ ಇಸವಿಯಲ್ಲಿ ಪ್ರಕಟವಾದ ಹುಡುಕಾಟವೊಂದರಲ್ಲಿ ಹಬಲ್ 47 ಟುಕಾನೆ ಗುಚ್ಛದ ಸುಮಾರು 34,000 ನಕ್ಷತ್ರಗಳನ್ನು ಎಂಟು ದಿನಗಳಿಗೂ ಹೆಚ್ಚು ಕಾಲ ನೋಡಿತು. ತನ್ನ ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವ ಗುರುವಿನಂಥ ಗ್ರಹಗಳು 17ರಷ್ಟು ಸಿಗಬೇಕಿತ್ತು, ಒಂದೂ ಸಿಗಲಿಲ್ಲ. ನಕ್ಷತ್ರಗಳ ನೂಕುನುಗ್ಗಲೋ ಹೀಲಿಯಂಗಿಂತ ಭಾರದ ಧಾತುಗಳ ಕೊರತೆಯೋ ಗ್ರಹಗಳನ್ನು ಇಲ್ಲವಾಗಿಸಿದೆ ಎಂಬ ಮಾತು ಹಬ್ಬಿತು. ಗ್ರಹ ಹುಡುಕಲೆಂದೇ ಹಾರಿಬಿಟ್ಟ ಕೆಪ್ಲರ್ ದೂರದರ್ಶಕದ ಅಂಕಿಗಳಿಟ್ಟು 2017ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ನಿರೀಕ್ಷೆಯೇ 17ರಿಂದ ಎರಡು–ನಾಲ್ಕರ ಮಟ್ಟಕ್ಕೆ ಇಳಿಯಿತು. ಎರಡು ಸಿಗಬೇಕಾದಲ್ಲಿ ಸೊನ್ನೆ ಸಿಕ್ಕರೆ ಅದರಲ್ಲೇನೂ ದೊಡ್ಡ ವಿಶೇಷವಿಲ್ಲ. ಗುಚ್ಛದಲ್ಲಿ ಗ್ರಹವೇ ಇಲ್ಲವೆಂದೂ ಅಲ್ಲ: ಎಂ4 ಗೋಳಗುಚ್ಛದಲ್ಲಿ ಒಂದು ಪಲ್ಸಾರ್ ಮತ್ತು ಅದರ ಜೊತೆಗಾರ ಶ್ವೇತಕುಬ್ಜ (ಇಂಧನ ಮುಗಿದ ನಕ್ಷತ್ರದ ತಿರುಳು) ಎರಡನ್ನೂ ಸುತ್ತುವ ಗ್ರಹ ಇರುವುದು 2003ರಲ್ಲಿ ಖಚಿತವಾಯಿತು.

ನಮ್ಮ ಕೋರಿಕೆ ದೊಡ್ಡದೇನಲ್ಲ. ಇಂಥ ಸುದ್ದಿಯ ಕೆಳಗೆ ಮೂರು ಸಾಲಿಗೆ ಜಾಗ ಬಿಡಿ: ಏನು ಕಂಡಿತು, ಏನನ್ನು ಲೆಕ್ಕ ಹಾಕಲಾಯಿತು, ಅಂಕಿ ಎಲ್ಲಿಂದ ಎಲ್ಲಿಯವರೆಗೆ ಹೋಗಬಹುದು. ವಿದ್ಯಾರ್ಥಿ ಪುಟದಲ್ಲಿ ಮೇಲಿನ ನೂರು ನಕ್ಷತ್ರಗಳ ಲೆಕ್ಕ ಹಾಕಿದರೆ ಇನ್ನೂ ಒಳ್ಳೆಯದು. ಅಧ್ಯಾಪಕರು ಪ್ರತಿ ಲ್ಯಾಪ್‌ಟಾಪಿಗೂ ಬೇರೆ ಬೇರೆ ಯಾದೃಚ್ಛಿಕ ಬೀಜಸಂಖ್ಯೆ (ಬಿಂದುಗಳು ಹೇಗೆ ಚೆಲ್ಲಬೇಕೆಂದು ನಿರ್ಧರಿಸುವ ಆರಂಭದ ಸಂಖ್ಯೆ) ಕೊಡಲಿ. ಉತ್ತರಗಳು ಒಂದೇ ಆಗಿರುವುದಿಲ್ಲ. ಅವುಗಳ ಹರವನ್ನು ಬೋರ್ಡಿನ ಮೇಲೆ ಬರೆಸಿದರೆ ಸಂಶೋಧಕರು ಅಂಕಿಯ ಪಕ್ಕ ‘ಹೆಚ್ಚು ಅಥವಾ ಕಡಿಮೆ’ ಎಂದು ಯಾಕೆ ಸೇರಿಸುತ್ತಾರೆಂದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಒಮೆಗಾ ಸೆಂಟಾರಿಯನ್ನು ನೋಡಬಯಸುವವರು ಮಳೆ ಹಿಡಿಯುವ ಮುನ್ನವೇ ನೋಡಬೇಕು. ಏಪ್ರಿಲ್ ಕೊನೆಗೆ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ, ಮೇ ನಡುವಿನಲ್ಲಿ ಹತ್ತೂವರೆಗೆ ಅದು ನಮ್ಮಲ್ಲಿ ನೇರ ದಕ್ಷಿಣಕ್ಕೆ 30 ಡಿಗ್ರಿ ಎತ್ತರದಲ್ಲಿರುತ್ತದೆ. ಅಂದರೆ ಚಾಚಿದ ಕೈಯ ಮೂರು ಮುಷ್ಟಿ. ತ್ರಿಶಂಕು (ಸದರ್ನ್ ಕ್ರಾಸ್) ನಕ್ಷತ್ರಪುಂಜದಿಂದ ಮೇಲಕ್ಕೆ, ಎಡಕ್ಕೆ, ಸುಮಾರು ಒಂದೂವರೆ ಮುಷ್ಟಿ ದೂರದಲ್ಲಿ ಹುಡುಕಿ. 7×50 ಬೈನಾಕ್ಯುಲರ್ ಸಾಕು. ದುಂಡನೆಯ ಮಬ್ಬು ಮಚ್ಚೆಯಾಗಿ ಕಾಣುತ್ತದೆ, ಬಿಡಿ ನಕ್ಷತ್ರಗಳಾಗಿ ಅಲ್ಲ. ಪೇಟೆಯ ಹೈಮಾಸ್ಟ್ ದೀಪದಿಂದ ದೂರ, ದಕ್ಷಿಣಕ್ಕೆ ತೆರೆದ ಗುಡ್ಡ ಬೇಕು, ಪೊಸಡಿಗುಂಪೆ ಆದೀತು.

— ಇಬ್ಬರು ಭೌತಶಾಸ್ತ್ರ ಅಧ್ಯಾಪಕರು,
ಬದಿಯಡ್ಕ, ಕಾಸರಗೋಡು ಜಿಲ್ಲೆ